ಕಂಪ್ಯೂಟರ್ ಕೊಳ್ಳಲು ದುಡ್ಡಿದೆ, ನಡೆಸಲು ಇಲ್ಲ: ಜಿಲ್ಲಾ ಕಚೇರಿಯ ಐಟಿ ಬೇಡಿಕೆ ಬರೆಯುವುದು ಹೇಗೆ?

ಓದುಗರ ಪ್ರಶ್ನೆ

"ಸರ್, ನಮಸ್ಕಾರ. ನಾನು ವಿಜಯಪುರದ ಒಂದು ಜಿಲ್ಲಾ ಮಟ್ಟದ ಸರ್ಕಾರಿ ಕಚೇರಿಯಲ್ಲಿ ವ್ಯವಸ್ಥಾಪಕಿ. ಬಡ್ತಿ ಸಿಕ್ಕಿ ಈಚೆಗಷ್ಟೇ ಇಲ್ಲಿಗೆ ಬಂದಿದ್ದೇನೆ. ಮುಂದಿನ ವರ್ಷಕ್ಕೆ ಜಿಲ್ಲೆಗೆ ಬೇಕಾದ ಕಂಪ್ಯೂಟರ್, ಪ್ರಿಂಟರ್, ನೆಟ್‌ವರ್ಕ್, ತಂತ್ರಾಂಶದ ಬೇಡಿಕೆ ಕಳಿಸಿ ಎಂದು ಬೆಂಗಳೂರಿನ ಕೇಂದ್ರ ಕಚೇರಿಯಿಂದ ಪತ್ರ ಬಂದಿದೆ. ಒಂದು ವಾರ ಸಮಯ. ಹಿಂದಿನವರು ಪ್ರತಿ ವರ್ಷ ಹಳೆಯ ಅಂಕಿಗೆ ಶೇ 10 ಸೇರಿಸಿ ಕಳಿಸುತ್ತಿದ್ದರಂತೆ. ನಾನು ಸ್ಟೋರ್ ರೂಮ್ ತೆಗೆಸಿ ನೋಡಿದೆ. ಬೆರಳ ಗುರುತು ಓದುವ ಬಯೋಮೆಟ್ರಿಕ್ ಯಂತ್ರಗಳು, ಸತ್ತ ಯುಪಿಎಸ್‌ಗಳು, ಪೆಟ್ಟಿಗೆಯನ್ನೇ ಬಿಚ್ಚದ ಎರಡು ಪ್ರಿಂಟರ್. ಕೇಳಿದರೆ ಸ್ಟೋರ್ ನೋಡಿಕೊಳ್ಳುವವರು 'ಬಂದಾಗಿಂದ ಹಂಗ ಅದಾವ್ರಿ ಮೇಡಂ' ಅಂದರು. ಇಂಡಿ, ಸಿಂದಗಿ, ಮುದ್ದೇಬಿಹಾಳ ಕಚೇರಿಗಳವರು ಮಾತ್ರ ಇನ್ನೂ ಕಂಪ್ಯೂಟರ್ ಬೇಕು ಅಂತಿದ್ದಾರೆ. ಹಳೆಯ ಖರೀದಿಯ ಮೇಲೆ ಒಂದು ಆಡಿಟ್ ಪ್ಯಾರಾ ಬಾಕಿ ಇದೆ. ಹಣ ಮಾರ್ಚ್ ಒಳಗೆ ಖರ್ಚಾಗದಿದ್ದರೆ ವಾಪಸ್ ಹೋಗುತ್ತದೆ, ಮುಂದಿನ ವರ್ಷ ಕಡಿಮೆ ಕೊಡುತ್ತಾರೆ ಎಂದು ಎಲ್ಲರೂ ಹೆದರಿಸುತ್ತಾರೆ. ನಡುವೆ ಪರಿಚಯದ ಹುಡುಗನೊಬ್ಬ ಕಡತ ಎಲ್ಲಿದೆ ಎಂದು ತೋರಿಸುವ ಆ್ಯಪ್ ಉಚಿತವಾಗಿ ಮಾಡಿಕೊಡುತ್ತೇನೆ ಎಂದು ಬಂದಿದ್ದಾನೆ. ನಾನು ಓದಿದ್ದು ಬಿ.ಎ., ಇತಿಹಾಸ. ನಿವೃತ್ತಿಗೆ ಜಾಸ್ತಿ ವರ್ಷ ಇಲ್ಲ. ನಾಳೆ ಏನಾದರೂ ಎಡವಟ್ಟಾದರೆ ಪಿಂಚಣಿಗೆ ಬರುತ್ತದಾ?"

ಉತ್ತರ

ನಿಮ್ಮ ಪತ್ರದಲ್ಲಿ ಪ್ರಶ್ನೆ ನಾಲ್ಕೈದು ಇವೆ. ಚಿಂತೆ ಒಂದೇ: ನನಗೆ ತಿಳಿಯದ ವಸ್ತುವಿಗೆ ನಾನು ಹೇಗೆ ಸಹಿ ಹಾಕಲಿ? ಲೆಕ್ಕಪತ್ರ ವಿಭಾಗದಲ್ಲಿದ್ದು ಇಂಥ ಖರೀದಿ ಕಡತಗಳನ್ನು ಬೆಳಗಾವಿ ವಿಭಾಗದ ಜಿಲ್ಲೆಗಳಲ್ಲಿ ಸಾಕಷ್ಟು ನೋಡಿದ್ದೇನೆ. ಅವುಗಳಲ್ಲಿ ಹಣ ಹಾಳಾಗಿದ್ದು ಕಂಪ್ಯೂಟರ್ ಜ್ಞಾನ ಇಲ್ಲದ್ದಕ್ಕಲ್ಲ. ಈ ವಸ್ತು ಯಾವ ಕೆಲಸಕ್ಕೆ, ಯಾರ ಮೇಜಿಗೆ, ಎಷ್ಟು ವರ್ಷಕ್ಕೆ ಎಂದು ಯಾರೂ ಕೇಳದೇ ಇದ್ದದ್ದಕ್ಕೆ. ಇದನ್ನು ಕೇಳಲು ಇತಿಹಾಸದ ಬಿ.ಎ. ಧಾರಾಳ ಸಾಕು.

ಮೊದಲು ಪಿಂಚಣಿಯ ಭಯ ಬಿಡಿಸೋಣ, ಅದು ತಲೆಯಲ್ಲಿದ್ದರೆ ಉಳಿದದ್ದು ಓದಲಾಗುವುದಿಲ್ಲ. ಆಡಿಟ್ ಪ್ಯಾರಾ ಅಂದರೆ ಶಿಕ್ಷೆ ಅಲ್ಲ, ಉತ್ತರ ಬೇಕಾದ ಒಂದು ಪ್ರಶ್ನೆ. ಪಿಂಚಣಿಗೆ ಕೈ ಹಾಕಬೇಕಾದರೆ ಕೆಸಿಎಸ್‌ಆರ್ (ಕರ್ನಾಟಕ ನಾಗರಿಕ ಸೇವಾ ನಿಯಮಗಳು) 214ನೇ ನಿಯಮದ ದಾರಿಯಲ್ಲೇ ಹೋಗಬೇಕು. ಇಲಾಖಾ ವಿಚಾರಣೆಯಲ್ಲೋ ನ್ಯಾಯಾಲಯದಲ್ಲೋ ಗಂಭೀರ ದುರ್ನಡತೆ ಅಥವಾ ನಿರ್ಲಕ್ಷ್ಯ ಸಾಬೀತಾಗಬೇಕು. ಹಿಂದಿನವರ ಖರೀದಿಗೆ ನಿಮ್ಮನ್ನು ಹೊಣೆ ಮಾಡಲು ಬರುವುದಿಲ್ಲ, ಆದರೆ ಅದು ಹಿಂದಿನದು ಎಂದು ಕಾಗದದಲ್ಲಿ ಇರಬೇಕು. ನೀವು ಪ್ರಭಾರ ವಹಿಸಿಕೊಂಡಾಗ ಸ್ಟೋರ್‌ನಲ್ಲಿ ಏನಿತ್ತು, ಯಾವ ಸ್ಥಿತಿಯಲ್ಲಿತ್ತು ಎಂದು ಒಂದು ಪಟ್ಟಿ ಮಾಡಿ. ಫೋಟೊ ಲಗತ್ತಿಸಿ. ಕಚೇರಿ ಮುಖ್ಯಸ್ಥರಿಗೆ ಟಿಪ್ಪಣಿ ಮಂಡಿಸಿ ಸಹಿ ಪಡೆಯಿರಿ. ಚಾರ್ಜ್ ತಗೊಂಡು ಕೆಲವು ದಿನ ಆಗಿದ್ದರೂ ಪರವಾಗಿಲ್ಲ, ಈ ವಾರವೇ ಮಾಡಿ.

ಈಗ ಸ್ಟೋರ್ ರೂಮಿನ ವಿಷಯ. ಆ ರಾಶಿ ಹೇಗೆ ಬಂತು ಎಂದು ತಿಳಿದರೆ ಬೇಡಿಕೆ ಹೇಗೆ ಬರೆಯಬೇಕು ಎನ್ನುವುದೂ ಅರ್ಧ ತಿಳಿದಂತೆ.

ಸರ್ಕಾರದ ಬಜೆಟ್‌ನಲ್ಲಿ ಕೊಳ್ಳುವ ಹಣ ಬೇರೆ, ನಡೆಸುವ ಹಣ ಬೇರೆ. ಖರ್ಚಿನ ಬಾಬನ್ನು ಗುರುತಿಸುವ ಸಂಖ್ಯೆಗೆ ಲೆಕ್ಕಶೀರ್ಷಿಕೆ ಎನ್ನುತ್ತಾರೆ. ಅದು 4 ಅಥವಾ 5ರಿಂದ ಶುರುವಾದರೆ ಕೊಳ್ಳುವ ಹಣ, ಅಂದರೆ ಬಂಡವಾಳ ವೆಚ್ಚ; 2 ಅಥವಾ 3ರಿಂದ ಶುರುವಾದರೆ ನಡೆಸುವ ಹಣ, ಅಂದರೆ ರಾಜಸ್ವ ವೆಚ್ಚ. ಆಧುನೀಕರಣ, ಉಪಕರಣ ಖರೀದಿ ಎಂದು ಹೆಸರಿಟ್ಟು ಒಮ್ಮೆ ದೊಡ್ಡ ಮೊತ್ತ ಸುಲಭವಾಗಿ ಬರುತ್ತದೆ. ಅದಕ್ಕೆ ಉದ್ಘಾಟನೆ ಇದೆ, ಪತ್ರಿಕೆಯಲ್ಲಿ ಸುದ್ದಿ ಇದೆ. ಮೂರನೇ ವರ್ಷ ಯುಪಿಎಸ್ ಬ್ಯಾಟರಿ ಬದಲಿಸಲು, ನಾಲ್ಕನೇ ವರ್ಷ ಎಎಂಸಿ (ವಾರ್ಷಿಕ ನಿರ್ವಹಣಾ ಕರಾರು) ಹಣ ಕಟ್ಟಲು ಸಾಮಾನ್ಯ ವೆಚ್ಚದ ಬಾಬಿನಲ್ಲಿ ಹಣ ಹುಡುಕಬೇಕು. ಅದು ಸ್ಟೇಷನರಿ, ವಿದ್ಯುತ್ ಬಿಲ್, ಜೀಪಿನ ಡೀಸೆಲ್‌ಗೇ ಸಾಲುವುದಿಲ್ಲ. ಬೋರ್‌ವೆಲ್ ಕೊರೆಸಲು ಸಾಲ ಸಿಕ್ಕಿತು, ಮೋಟರಿಗೆ ದುಡ್ಡಿಲ್ಲ ಅಂದ ಹಾಗೆ.

ಒಂದು ಲೆಕ್ಕ ಹಾಕಿ ನೋಡಿ. ದರ ನಾನು ಸುಮ್ನೆ ಉದಾಹರಣೆಗೆ ಹಿಡಿದದ್ದು, ನೀವು ನಿಮ್ಮ ದರ ಹಾಕಿಕೊಳ್ಳಿ. ಹತ್ತು ಕಂಪ್ಯೂಟರ್, ಒಂದಕ್ಕೆ 50,000 ರೂಪಾಯಿ ಅಂದರೆ 5 ಲಕ್ಷ. ಮೂರು ವರ್ಷ ವಾರಂಟಿ. ಆಮೇಲೆ ಎರಡು ವರ್ಷ ಬೆಲೆಯ ಶೇ 8ರಂತೆ ಎಎಂಸಿ ಅಂದರೆ 80,000. ಐದು ವರ್ಷದಲ್ಲಿ ಹತ್ತೂ ಯುಪಿಎಸ್‌ಗೆ ಎರಡೆರಡು ಸಲ ಬ್ಯಾಟರಿ, ಒಂದಕ್ಕೆ ಸಾವಿರ ಅಂದರೂ 20,000. ಇವುಗಳ ಮುಂದೆ ಕೂರಲು ಒಬ್ಬರೇ ಒಬ್ಬ ಹೊರಗುತ್ತಿಗೆ ಡಾಟಾ ಎಂಟ್ರಿ ಆಪರೇಟರ್ ತಗೊಂಡರೆ ತಿಂಗಳಿಗೆ 18,000, ಐದು ವರ್ಷಕ್ಕೆ 10 ಲಕ್ಷ 80 ಸಾವಿರ. ಟೋನರ್, ಇಂಟರ್‌ನೆಟ್, ಆ್ಯಂಟಿವೈರಸ್ ಇನ್ನೂ ಸೇರಿಸಿಲ್ಲ. ಅಂದರೆ ಎಲ್ಲರೂ ತಲೆ ಕೆಡಿಸಿಕೊಳ್ಳುವ ಆ 5 ಲಕ್ಷ ಒಟ್ಟು ಖರ್ಚಿನಲ್ಲಿ ಮೂರನೇ ಒಂದು ಭಾಗವೂ ಅಲ್ಲ. ಇನ್ನೊಂದು ಗಮನಿಸಿ: ಬ್ಯಾಟರಿಯ 20,000 ಇಲ್ಲದೇ ಹೋದರೆ 5 ಲಕ್ಷದ ಯಂತ್ರಗಳು ಕರೆಂಟ್ ಹೋದಾಗಲೆಲ್ಲ ನಿಲ್ಲುತ್ತವೆ. ಹಾರ್ಡ್ ಡಿಸ್ಕ್ ಹೋಗುತ್ತದೆ. ಕೊನೆಗೆ ಸ್ಟೋರ್ ಸೇರುತ್ತವೆ.

ಬ್ಯಾಟರಿಯ ಮಾತು ಬಂದಿದ್ದಕ್ಕೆ ವಿಜಯಪುರದ ಬಿಸಿಲಿನ ವಿಷಯವೂ ಹೇಳಿಬಿಡುತ್ತೇನೆ. ಬೆಂಗಳೂರಿನಲ್ಲಿ ಕೂತು ಅಂದಾಜು ಮಾಡುವವರ ಲೆಕ್ಕದಲ್ಲಿ ಇದು ಬರುವುದಿಲ್ಲ. ಯುಪಿಎಸ್‌ನ ಸೀಸ-ಆಮ್ಲ ಬ್ಯಾಟರಿಗೆ 25 ಡಿಗ್ರಿ ಸುತ್ತಮುತ್ತಲ ಉಷ್ಣತೆ ಹಿತ. ಅದಕ್ಕಿಂತ ಎಂಟು ಹತ್ತು ಡಿಗ್ರಿ ಏರಿದರೆ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ದಾಟುವ ಊರಿನಲ್ಲಿ ಕಿಟಕಿ ಮುಚ್ಚಿದ ಸಣ್ಣ ಕೋಣೆಯಲ್ಲಿ ಯುಪಿಎಸ್ ಇಟ್ಟರೆ ಏನಾಗಬೇಕು? ಇನ್ನು ಅರ್ಥಿಂಗ್. ನಿಮ್ಮ ಎರಿ ಮಣ್ಣು ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ. ಮಣ್ಣು ಒಣಗಿದರೆ ಅರ್ಥಿಂಗ್ ಹಿಡಿಯುವುದಿಲ್ಲ. ಗುಂಡಿಗೆ ಆಗಾಗ ನೀರು ಹಾಕಬೇಕು, ವರ್ಷಕ್ಕೊಮ್ಮೆ ಎಲೆಕ್ಟ್ರಿಷಿಯನ್ ಕರೆಸಿ ಅಳೆಸಬೇಕು. ಮದರ್‌ಬೋರ್ಡ್ ಪದೇ ಪದೇ ಸುಡುತ್ತಿದ್ದರೆ ಹೊಸ ಕಂಪ್ಯೂಟರ್ ಕೇಳುವ ಮೊದಲು ಆ ಗುಂಡಿ ನೋಡಿ. ಎರಡು ಬಕೆಟ್ ನೀರಿನ ಕೆಲಸ, ಆದರೆ ಯಾರ ಕೆಲಸ ಅಂತ ಎಲ್ಲೂ ಬರೆದಿರುವುದಿಲ್ಲ.

ಬಯೋಮೆಟ್ರಿಕ್ ಯಂತ್ರಗಳ ಕತೆ ಬೇರೆ. ಅವು ಕೆಟ್ಟಿರಲೇಬೇಕೆಂದಿಲ್ಲ. ಆಧಾರ್ ದೃಢೀಕರಣಕ್ಕೆ ಮೊದಲು ಎಲ್0 ಎಂಬ ಮಟ್ಟದ ಯಂತ್ರ ನಡೆಯುತ್ತಿತ್ತು. ಆಮೇಲೆ ಆಧಾರ್ ಪ್ರಾಧಿಕಾರ ಹೆಚ್ಚು ಭದ್ರವಾದ ಎಲ್1 ಯಂತ್ರವನ್ನೇ ಬಳಸಬೇಕು ಎಂದಿತು. ಹಳೆಯದು ಚೆನ್ನಾಗಿದ್ದರೂ ಆಧಾರ್ ಕೆಲಸಕ್ಕೆ ಬಾರದಂತಾಯಿತು. ಇದು ಯಾರ ತಪ್ಪೂ ಅಲ್ಲ. ನಿಮ್ಮ ಬಾಕಿ ಪ್ಯಾರಾ ಇದೇ ಯಂತ್ರಗಳ ಮೇಲಿದ್ದರೆ ಉತ್ತರ ಸುಲಭ: ಕೊಂಡ ದಿನಾಂಕ, ಬಳಕೆಯಲ್ಲಿದ್ದ ಅವಧಿ, ಮಾನದಂಡ ಬದಲಾದ ಆದೇಶದ ಪ್ರತಿ. ಕೊಂಡು ಒಂದು ದಿನವೂ ಬಳಸಿಲ್ಲ ಎಂದಾದರೆ ಮಾತ್ರ ಉತ್ತರ ಕಷ್ಟ. ಆಗಲೂ ಇದ್ದದ್ದು ಇದ್ದ ಹಾಗೆ ಬರೆಯಿರಿ. 'ಶೀಘ್ರದಲ್ಲೇ ಬಳಕೆಗೆ ತರಲಾಗುವುದು' ಎಂಬ ಸಾಲನ್ನು ಆಡಿಟ್‌ನವರು ಎಷ್ಟು ಸಲ ಓದಿರುತ್ತಾರೋ.

ಮಾರ್ಚ್ ಭಯಕ್ಕೆ ಬರೋಣ. ಇದರಲ್ಲಿ ಅರ್ಧ ನಿಜ. ವರ್ಷಾಂತ್ಯಕ್ಕೆ ಖರ್ಚಾಗದ ಅನುದಾನ ಲ್ಯಾಪ್ಸ್ ಆಗುತ್ತದೆ, ನಿಜ. ಅದಕ್ಕಾಗಿ ಏನಾದರೂ ಕೊಂಡುಬಿಡಬೇಕು ಎನ್ನುವುದು ಸುಳ್ಳು. ಲ್ಯಾಪ್ಸ್ ತಪ್ಪಿಸಲು ಖಜಾನೆಯಿಂದ ಹಣ ತೆಗೆಯಬಾರದು ಎನ್ನುವುದು ಸರ್ಕಾರಿ ಹಣಕಾಸಿನ ಹಳೆಯ ನಿಯಮ. ಉಳಿಯುತ್ತದೆ ಎಂದು ಗೊತ್ತಾದ ಕೂಡಲೇ ಒಪ್ಪಿಸಬೇಕು, ಅಥವಾ ಪುನರ್ವಿನಿಯೋಗಕ್ಕೆ, ಅಂದರೆ ಬೇರೆ ಬಾಬಿಗೆ ಬದಲಿಸಿಕೊಡಲು, ಕೇಳಬೇಕು. ಕಂಪ್ಯೂಟರ್ ವಿಷಯದಲ್ಲಿ ಮಾರ್ಚ್ ಖರೀದಿಗೆ ಇನ್ನೊಂದು ನಷ್ಟವೂ ಇದೆ. ಬಹಳ ಸಲ ಪೂರೈಕೆಯಾದ ದಿನದಿಂದಲೇ ವಾರಂಟಿ ಓಡತೊಡಗುತ್ತದೆ. ಪೆಟ್ಟಿಗೆಯಲ್ಲಿ ಎಂಟು ತಿಂಗಳು ಕೂತರೆ ಆ ಎಂಟು ತಿಂಗಳ ವಾರಂಟಿಗೆ ದುಡ್ಡು ಕೊಟ್ಟು ಬಿಸಾಡಿದಂತೆ. ಯುಪಿಎಸ್ ಬ್ಯಾಟರಿಯಂತೂ ಚಾರ್ಜ್ ಇಲ್ಲದೆ ಕೂತಲ್ಲೇ ಸಾಯುತ್ತದೆ. ನಿಮ್ಮ ಸ್ಟೋರ್‌ನ ಸತ್ತ ಯುಪಿಎಸ್‌ಗಳ ಬಿಲ್ ದಿನಾಂಕ ತೆಗೆದು ನೋಡಿ, ಮಾರ್ಚ್ ಇದ್ದರೆ ನನಗೇನೂ ಆಶ್ಚರ್ಯ ಆಗುವುದಿಲ್ಲ.

ಖರ್ಚಾಗದಿದ್ದರೆ ಮುಂದಿನ ವರ್ಷ ಕಡಿಮೆ ಕೊಡುತ್ತಾರಾ? ಕೊಡಬಹುದು. ಬರೀ ಹಳೆಯ ಅಂಕಿ ನೋಡಿ ಹಂಚುವ ಕಡೆ ಹಾಗೇ ಆಗುತ್ತದೆ. ಅದಕ್ಕೇ ನಿಮ್ಮ ಬೇಡಿಕೆ ಬರೀ ಅಂಕಿ ಆಗಿರಬಾರದು.

ಈಗ ಬೇಡಿಕೆ ಬರೆಯುವ ಕೆಲಸ. ತಾಲ್ಲೂಕು ಕಚೇರಿಗಳಿಗೆ 'ಎಷ್ಟು ಕಂಪ್ಯೂಟರ್ ಬೇಕು' ಎಂದು ಕೇಳಬೇಡಿ. ಹಾಗೆ ಕೇಳಿದರೆ ಇಂಡಿಯವರು ಐದು ಅಂದರೆ ಸಿಂದಗಿಯವರು ಆರು ಅನ್ನುತ್ತಾರೆ. ಬದಲಿಗೆ ಹೀಗೆ ಕೇಳಿ: ನಿಮ್ಮಲ್ಲಿ ದಿನಕ್ಕೆ ಎಷ್ಟು ಅರ್ಜಿ ಬರುತ್ತವೆ, ಎಷ್ಟು ಜನ ಕಂಪ್ಯೂಟರ್‌ನಲ್ಲಿ ಕೆಲಸ ಮಾಡುತ್ತಾರೆ, ಯಾವ ಯಂತ್ರ ಯಾವ ವರ್ಷದ್ದು, ಕಳೆದ ತಿಂಗಳು ಯಾವ ಕೆಲಸ ಯಾವ ಕಾರಣಕ್ಕೆ ನಿಂತಿತ್ತು? ಕೊನೆಯ ಪ್ರಶ್ನೆಗೆ ಬರುವ ಉತ್ತರ ಬಹಳ ಸಲ ಕಂಪ್ಯೂಟರ್ ಬಗ್ಗೆ ಇರುವುದೇ ಇಲ್ಲ. ನೆಟ್ ಇರಲಿಲ್ಲ, ಆಪರೇಟರ್ ಸಂಬಳ ಆಗಿರಲಿಲ್ಲ, ಡಿಜಿಟಲ್ ಸಹಿಯ ಟೋಕನ್ ಅವಧಿ ಮುಗಿದಿತ್ತು, ಸಾಹೇಬರು ವಿಡಿಯೊ ಕಾನ್ಫರೆನ್ಸ್‌ನಲ್ಲಿದ್ದರು. ಇವಕ್ಕೆಲ್ಲ ಹೊಸ ಕಂಪ್ಯೂಟರ್ ಮದ್ದಲ್ಲ.

ಯಂತ್ರಗಳ ವಯಸ್ಸು ಯಾಕೆ ಮುಖ್ಯ ಅಂದರೆ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಯಂತ್ರ ಓಡುತ್ತದೆ, ಆದರೆ ಭದ್ರತೆಯ ಅಪ್‌ಡೇಟ್ ಮೊದಲಿನಂತೆ ಬರುವುದಿಲ್ಲ. ಜನರ ದಾಖಲೆ ಇರುವ ಕಚೇರಿಯಲ್ಲಿ ಅದು ಅಪಾಯ. ಹಾಗೆಂದು ಎಲ್ಲವನ್ನೂ ಬದಲಿಸಬೇಕಾಗಿಲ್ಲ. ಇಂಟೆಲ್‌ನ ಎಂಟನೇ ತಲೆಮಾರು ಅಥವಾ ನಂತರದ ಪ್ರೊಸೆಸರ್, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರುವ ಯಂತ್ರ ಬಹುಪಾಲು ವಿಂಡೋಸ್ 11ಕ್ಕೆ ಬೇರೆ ಖರ್ಚಿಲ್ಲದೆ ಏರುತ್ತದೆ. ನಿಧಾನ ಅಂತ ದೂರು ಬಂದ ಎಷ್ಟೋ ಯಂತ್ರಗಳಿಗೆ ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ, ರ‍್ಯಾಮ್ ಸ್ವಲ್ಪ ಏರಿಸಿದರೆ ಕೆಲವು ಸಾವಿರದಲ್ಲಿ ಕೆಲಸ ಮುಗಿಯುತ್ತದೆ. ಅದಕ್ಕಿಂತ ಹಳೆಯವಕ್ಕೆ ಲಿನಕ್ಸ್ ಹಾಕಿ ಬ್ರೌಸರ್ ಕೆಲಸಕ್ಕೆ ಬಳಸಬಹುದು ಎನ್ನುವವರಿದ್ದಾರೆ. ತಪ್ಪಲ್ಲ. ಆದರೆ ಕನ್ನಡ ಟೈಪಿಂಗ್, ಡಿಜಿಟಲ್ ಸಹಿಯ ಟೋಕನ್, ನಿಮ್ಮ ಪ್ರಿಂಟರ್ ಈ ಮೂರೂ ಅದರಲ್ಲಿ ನಡೆಯುತ್ತವೆಯೇ ಎಂದು ಒಂದು ಯಂತ್ರದಲ್ಲಿ ನೋಡಿದ ಮೇಲೆ ನಿರ್ಧರಿಸಿ. ಇಲ್ಲದಿದ್ದರೆ ಸಿಬ್ಬಂದಿ ಎರಡೇ ದಿನದಲ್ಲಿ ಅದನ್ನು ಮೂಲೆಗೆ ತಳ್ಳುತ್ತಾರೆ.

ಯಾವ ಯಂತ್ರ ಯಾವ ಗುಂಪಿಗೆ ಎಂದು ಹೇಳಲು ನಿಮ್ಮ ಜಿಲ್ಲಾ ಎನ್‌ಐಸಿ (ಸರ್ಕಾರದ ರಾಷ್ಟ್ರೀಯ ಮಾಹಿತಿ ಕೇಂದ್ರ) ಕಚೇರಿಯವರ ಸಲಹೆ ಕೇಳಿ. ಲಿಖಿತವಾಗಿ ಕೇಳಿ. ಆ ಸಲಹೆಯ ಪ್ರತಿ ಬೇಡಿಕೆಗೆ ಲಗತ್ತಾದರೆ 'ತಾಂತ್ರಿಕ ಅಭಿಪ್ರಾಯ ಪಡೆದಿಲ್ಲ' ಎಂಬ ಆಕ್ಷೇಪ ಬರುವುದಿಲ್ಲ.

ಬೆಂಗಳೂರಿಗೆ ಕಳಿಸುವಾಗ ಈಗ ನಿಮ್ಮ ಮುಂದಿರುವ ದಾರಿಗಳು. ಹಳೆಯ ಅಂಕಿಗೆ ಶೇ 10 ಸೇರಿಸಿ ಕಳಿಸಬಹುದು. ಯಾರೂ ಪ್ರಶ್ನಿಸುವುದಿಲ್ಲ, ಸ್ಟೋರ್ ರೂಮಿನ ರಾಶಿಯೂ ಬೆಳೆಯುತ್ತದೆ. ಸುರಕ್ಷಿತವಾಗಿರಲು ಏನೂ ಬೇಡ ಎಂದು ಬರೆಯಬಹುದು. ಆಗ ನಿಜಕ್ಕೂ ಬೇಕಾದದ್ದೂ ಸಿಗುವುದಿಲ್ಲ, ಮತ್ತೆ ಕೇಳಲು ಒಂದು ವರ್ಷ ಕಾಯಬೇಕು. ನಾನು ಹೇಳುವುದು ಮೂರನೆಯದು: ಕೊಳ್ಳುವ ಕೋರಿಕೆಯನ್ನು ಸಣ್ಣದು ಮಾಡಿ, ನಡೆಸುವ ಕೋರಿಕೆಯನ್ನು ಸ್ಪಷ್ಟ ಮಾಡಿ. ಪ್ರತಿ ವಸ್ತುವಿನ ಎದುರು ಅದು ಯಾವ ಕೆಲಸಕ್ಕೆ, ಐದು ವರ್ಷದ ಒಟ್ಟು ಖರ್ಚು ಎಷ್ಟು, ಅದರಲ್ಲಿ ಈ ವರ್ಷದ್ದೆಷ್ಟು, ಯಾವ ಲೆಕ್ಕಶೀರ್ಷಿಕೆಯಿಂದ ಎಂದು ಬರೆಯಿರಿ. ಇದರಲ್ಲೂ ಅಪಾಯ ಇದೆ. ಮೇಲಿನವರು ಕೊಳ್ಳುವ ಹಣ ಕೊಟ್ಟು ನಡೆಸುವ ಹಣ ಕತ್ತರಿಸಬಹುದು. ಆಗ 'ನಿರ್ವಹಣಾ ಅನುದಾನ ಬಾರದೆ ಇವುಗಳನ್ನು ಬಳಕೆಯಲ್ಲಿಡುವುದು ಕಷ್ಟ' ಎಂದು ಇನ್ನೊಂದು ಪತ್ರ ಬರೆಯಿರಿ. ಅದು ದೂರಿನಂತೆ ಕಾಣುತ್ತದೆ, ಕಾಣಲಿ ಬಿಡಿ. ನಾಲ್ಕು ವರ್ಷದ ನಂತರ ನಿಷ್ಫಲ ವೆಚ್ಚ ಎಂಬ ಪ್ಯಾರಾ ಬಂದಾಗ ಆ ಕುರ್ಚಿಯಲ್ಲಿ ಇರುವವರಿಗೆ ಆ ಪತ್ರವೇ ಆಸರೆ.

ಬಾಡಿಗೆಗೆ ತಗೊಳ್ಳುವ ಪದ್ಧತಿಯೂ ಈಗ ಬಂದಿದೆ. ಯಂತ್ರ ಬಾಡಿಗೆಗೆ ಕೊಡುವ ಕಂಪನಿಯದು, ರಿಪೇರಿ ಅವರದು, ನೀವು ತಿಂಗಳ ಬಾಡಿಗೆ ಕೊಡುವುದು. ರಿಪೇರಿಯ ತಲೆನೋವು ಹೋಗುತ್ತದೆ. ಆದರೆ ಬಾಡಿಗೆ ಪ್ರತಿ ತಿಂಗಳೂ ಕಟ್ಟಬೇಕು. ಅನುದಾನ ಬಿಡುಗಡೆ ಮೂರು ತಿಂಗಳು ತಡವಾದರೆ ಅವರು ಯಂತ್ರ ಎತ್ತಿಕೊಂಡು ಹೋಗುತ್ತಾರೆ, ನಿಮ್ಮ ದಾಖಲೆಯೂ ಅದರ ಜೊತೆ ಹೋಗುತ್ತದೆ. ಬಿಡುಗಡೆ ಸರಿಯಾಗಿ ಬರುವ ಇಲಾಖೆಗೆ ಮಾತ್ರ ಇದು ಸರಿ.

ಖರೀದಿ ದಾರಿಯ ಬಗ್ಗೆ ಎರಡು ತಪ್ಪು ನಂಬಿಕೆಗಳಿವೆ. ಸರ್ಕಾರಿ ಸಂಸ್ಥೆಯ ಮೂಲಕ ತಗೊಂಡರೆ ಆಡಿಟ್ ಕೇಳುವುದಿಲ್ಲ ಎನ್ನುವುದು ಒಂದು. 1999ರ ಕೆಟಿಪಿಪಿ ಕಾಯ್ದೆ, ಅಂದರೆ ಸರ್ಕಾರಿ ಖರೀದಿಯಲ್ಲಿ ಪಾರದರ್ಶಕತೆಯ ಕರ್ನಾಟಕದ ಕಾಯ್ದೆಯ 4(ಜಿ) ಅಡಿ ಸರ್ಕಾರ ಅಧಿಸೂಚನೆ ಹೊರಡಿಸಿ ಟೆಂಡರ್‌ನಿಂದ ವಿನಾಯಿತಿ ಕೊಡಬಹುದು. ವಿನಾಯಿತಿ ಟೆಂಡರ್‌ಗೆ, ದರಕ್ಕಲ್ಲ. ಅದೇ ಮಾದರಿಯ ಯಂತ್ರಕ್ಕೆ ಅದೇ ವಾರ ಸರ್ಕಾರಿ ಖರೀದಿಯ ಆನ್‌ಲೈನ್ ಮಾರುಕಟ್ಟೆಯಾದ ಜೆಮ್ ಪೋರ್ಟಲ್‌ನಲ್ಲಿ ಏನು ದರ ಇತ್ತು ಎಂದು ಮುದ್ರಿಸಿ ಕಡತದಲ್ಲಿಡಿ. ಇನ್ನೊಂದು, ಟೆಂಡರ್ ಭಾಷೆಯಲ್ಲಿ ಎಲ್1 (ಆಧಾರ್ ಯಂತ್ರದ ಎಲ್1 ಅಲ್ಲ) ಅಂದರೆ ಕಡಿಮೆ ದರದವರಿಗೇ ಕೊಡಬೇಕು, ಹಾಗಾಗಿ ಕಳಪೆ ಮಾಲು ಬರುತ್ತದೆ ಎನ್ನುವುದು. ಕಳಪೆ ಮಾಲು ಬರುವುದು ಕಡಿಮೆ ದರದಿಂದಲ್ಲ, ನಿರ್ದಿಷ್ಟತೆಯನ್ನು ಸರಿಯಾಗಿ ಬರೆಯದ್ದರಿಂದ. ಎರಡು ಲಕೋಟೆ ಪದ್ಧತಿ ಇರುವುದೇ ಇದಕ್ಕೆ: ತಾಂತ್ರಿಕ ಲಕೋಟೆಯಲ್ಲಿ ಪಾಸಾದವರದ್ದು ಮಾತ್ರ ದರದ ಲಕೋಟೆ ತೆರೆಯುತ್ತದೆ. ಇನ್ನು ಟೆಂಡರ್ ತಪ್ಪಿಸಲು ದೊಡ್ಡ ಖರೀದಿಯನ್ನು ತುಂಡು ಮಾಡಿ ಮೂರ್ಮೂರು ಕೊಟೇಶನ್ ಹಚ್ಚುವ ಸಲಹೆ ಯಾರಾದರೂ ಕೊಟ್ಟರೆ ಕಿವಿ ಕೊಡಬೇಡಿ. ಆಡಿಟ್ ಮೊದಲು ಹುಡುಕುವುದೇ ಅದನ್ನು.

ಇಷ್ಟೆಲ್ಲ ಯೋಜನೆಯ ಮಾತಾಯಿತು. ನಿಗಾ ಎಲ್ಲಿದೆ? ನನ್ನ ಪ್ರಕಾರ ಜಿಲ್ಲಾ ಕಚೇರಿಯ ಕೈಯಲ್ಲಿರುವ ದೊಡ್ಡ ಅಸ್ತ್ರ ಒಂದೇ ಕಾಗದ. 'ಸಾಮಗ್ರಿ ಸುಸ್ಥಿತಿಯಲ್ಲಿ ತಲುಪಿದ್ದು, ತೃಪ್ತಿಕರವಾಗಿ ಅಳವಡಿಸಲಾಗಿದೆ' ಎಂಬ ಪ್ರಮಾಣಪತ್ರ. ಖರೀದಿ ಬೆಂಗಳೂರಿನಲ್ಲಾದರೂ ಈ ಕಾಗದ ಹೋಗುವುದು ನಿಮ್ಮಿಂದ, ನಿಮ್ಮ ತಾಲ್ಲೂಕುಗಳಿಂದ. ಬಿಲ್ ಪಾಸಾಗುವುದು ಇದರ ಮೇಲೆ. ಆದರೆ ನಡೆಯುವುದೇನು? ಪೂರೈಕೆದಾರರ ಹುಡುಗ ಪೆಟ್ಟಿಗೆ ಇಳಿಸಿ 'ಸರ್, ಇಲ್ಲೊಂದು ಸಹಿ, ಇಂಜಿನಿಯರ್ ನಾಳೆ ಬರ್ತಾರೆ' ಅನ್ನುತ್ತಾನೆ. ಮಧ್ಯಾಹ್ನದ ಊಟದ ಹೊತ್ತು. ಸಹಿ ಬೀಳುತ್ತದೆ. ಆ ನಾಳೆ ಬರುವುದೇ ಇಲ್ಲ. ಹಣ ಪಾವತಿ ಆಗಿಹೋದ ಮೇಲೆ ಯಾಕೆ ಬರುತ್ತಾನೆ? ನಿಮ್ಮ ಸ್ಟೋರ್‌ನ ಬಿಚ್ಚದ ಪ್ರಿಂಟರ್‌ಗಳ ಕಡತದಲ್ಲೂ ತೃಪ್ತಿಕರ ಎಂಬ ಪ್ರಮಾಣಪತ್ರ ಇದೆಯೇ ನೋಡಿ.

ಇದನ್ನು ಎರಡು ಕಾಗದ ಮಾಡಿ. ಪೆಟ್ಟಿಗೆ ತಲುಪಿದ್ದಕ್ಕೆ ಒಂದು, ಕೆಲಸ ಮಾಡುತ್ತಿರುವುದಕ್ಕೆ ಇನ್ನೊಂದು. ಎರಡನೆಯದಕ್ಕೆ ಸಹಿ ಹಾಕುವ ಮೊದಲು ಆ ಯಂತ್ರದಲ್ಲಿ ಕೂರುವ ಸಿಬ್ಬಂದಿಯೇ ಒಂದು ನಿಜವಾದ ಕೆಲಸ ಮಾಡಿ ತೋರಿಸಲಿ: ಒಂದು ಅರ್ಜಿ ದಾಖಲಿಸಿ, ಡಿಜಿಟಲ್ ಸಹಿ ಹಾಕಿ, ಕನ್ನಡದಲ್ಲಿ ಮುದ್ರಿಸಿ. ಮೇನ್ ಸ್ವಿಚ್ ತೆಗೆದು ಯುಪಿಎಸ್ ಎಷ್ಟು ನಿಮಿಷ ಎಳೆಯುತ್ತದೆ ಎಂದು ಗಡಿಯಾರ ಹಿಡಿದು ನೋಡಿ. ಕ್ರಮಸಂಖ್ಯೆ ಬಿಲ್‌ನಲ್ಲಿರುವುದೇ ಹೌದಾ ಎಂದು ತಾಳೆ ಮಾಡಿ. ಇದಕ್ಕೆ ಕಂಪ್ಯೂಟರ್ ವಿದ್ಯೆ ಬೇಡ. ಪಾವತಿಯಲ್ಲಿ ಒಂದು ಪಾಲು ಈ ಎರಡನೇ ಕಾಗದದ ನಂತರವೇ ಎಂದು ಖರೀದಿ ಆದೇಶದಲ್ಲಿ ಇರಲಿ. ಬೆಂಗಳೂರಿನ ಖರೀದಿಯಾದರೆ ಬೇಡಿಕೆ ಪತ್ರದಲ್ಲೇ ಈ ಷರತ್ತು ಸೂಚಿಸಿ. ಪೂರೈಕೆದಾರರು ಭದ್ರತೆಗೆ ಕೊಡುವ ಬ್ಯಾಂಕ್ ಗ್ಯಾರಂಟಿಯ ಕೊನೆಯ ದಿನಾಂಕವನ್ನೂ ನೋಡಿ. ವಾರಂಟಿ ಮೂರು ವರ್ಷ, ಗ್ಯಾರಂಟಿ ಒಂದೇ ವರ್ಷ ಇರುವ ಕಡತಗಳು ಬೇಕಾದಷ್ಟಿವೆ. ವಾರಂಟಿ ಮುಗಿದ ಮೇಲೂ ಎರಡು ತಿಂಗಳು ಅದು ಜೀವಂತ ಇರಬೇಕು.

ನೆಟ್‌ವರ್ಕ್ ಮತ್ತು ತಂತ್ರಾಂಶ ಸೇವೆಗಳಲ್ಲಿ ಇನ್ನೊಂದು ಜಾಣತನ ನಡೆಯುತ್ತದೆ. 'ಶೇ 99 ಸಮಯ ಸೇವೆ ಲಭ್ಯ' ಎಂದು ಕರಾರು ಇರುತ್ತದೆ. ಕೇಳಲು ಚೆನ್ನ. ತಿಂಗಳಿಗೆ 720 ಗಂಟೆ ಹಿಡಿದರೆ ಶೇ 1 ಅಂದರೆ 7 ಗಂಟೆಗೂ ಜಾಸ್ತಿ, ಹತ್ತಿರ ಹತ್ತಿರ ಒಂದು ಇಡೀ ಕಚೇರಿ ದಿನ. ರಾತ್ರಿ, ಭಾನುವಾರ ಎಲ್ಲ ಸರಿಯಾಗಿದ್ದು ಸೋಮವಾರ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಬಿದ್ದುಕೊಂಡರೂ ಅವರು ಕರಾರು ಮುರಿದಂತಲ್ಲ, ದಂಡ ಇಲ್ಲ. ಜನ ಮಾತ್ರ ಚಡಚಣದಿಂದ ಬಸ್ ಹತ್ತಿ ಬಂದು 'ಸರ್ವರ್ ಇಲ್ಲ' ಕೇಳಿ ವಾಪಸ್ ಹೋಗಿರುತ್ತಾರೆ. ಅಳತೆ ಕಚೇರಿ ವೇಳೆಯಲ್ಲಿ, ಕೆಲಸದ ದಿನಗಳಲ್ಲಿ ಮಾತ್ರ ಎಂದು ಬರೆಸಬೇಕು. ಕರಾರು ನಿಮ್ಮ ಕೈಯಲ್ಲಿಲ್ಲದಿದ್ದರೂ ಒಂದು ನೋಟ್‌ಬುಕ್ ಇಡಿ: ಯಾವ ದಿನ, ಎಷ್ಟರಿಂದ ಎಷ್ಟರವರೆಗೆ ಸೇವೆ ಇರಲಿಲ್ಲ, ದೂರಿನ ಸಂಖ್ಯೆ ಏನು. ಪ್ರತಿ ತಿಂಗಳು ಅದರ ಪ್ರತಿ ಕೇಂದ್ರ ಕಚೇರಿಗೆ ಹೋಗಲಿ. ದಂಡ ಹಾಕಲು ಅವರಿಗೆ ಇಂಥ ದಾಖಲೆ ಸಿಗುವುದು ಅಪರೂಪ.

ತಂತ್ರಾಂಶ ಬಂದ ಮೇಲೂ ಹಳೆಯ ಕಾಗದದ ರಿಜಿಸ್ಟರ್ ಮುಂದುವರಿಯುತ್ತಿದೆಯೇ ಎಂದೂ ನೋಡಿ. ಎರಡೂ ನಡೆದರೆ ಕೆಲಸ ಇಮ್ಮಡಿ, ಉಳಿತಾಯ ಸೊನ್ನೆ. 'ಭೂಮಿ' ಯೋಜನೆಯನ್ನು ನೆನಪಿಸಿಕೊಳ್ಳಿ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಆಗಿನ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿ ಕಂಪ್ಯೂಟರ್ ಸೇರಿದವು. ಅದು ಬಾಳಿ ಉಳಿದದ್ದು ಯಂತ್ರದ ಬಲದಿಂದಲ್ಲ. ಕಂಪ್ಯೂಟರ್ ಪಹಣಿ ಶುರುವಾದ ಕಡೆ ಕೈಬರಹದ ಪಹಣಿ ನಡೆಯುವುದಿಲ್ಲ ಎಂದು ಸರ್ಕಾರ ಸಾರಿತು. ಅದನ್ನು ಮುನ್ನಡೆಸಿದ ಅಧಿಕಾರಿ ರಾಜೀವ್ ಚಾವ್ಲಾ ವರ್ಷಗಟ್ಟಲೆ ಅದರ ಬೆನ್ನ ಹಿಂದೆಯೇ ಇದ್ದರು. ಯೋಜನೆ ಅರ್ಧಕ್ಕೆ ಬಂದಾಗ ಅಧಿಕಾರಿ ವರ್ಗವಾಗಿ ಹೋಗುವ ಕಡೆ ಎಷ್ಟು ಕೋಟಿ ಸುರಿದರೂ ಅಷ್ಟೇ.

ಆ ಉಚಿತ ಆ್ಯಪ್ ಹುಡುಗನಿಗೆ ಚಹಾ ಕುಡಿಸಿ ಕಳಿಸಿ. ಅವನು ಕೆಟ್ಟವನು ಅಂತಲ್ಲ. ಆ್ಯಪ್ ಮಾಡುವುದು ಉಚಿತ, ಆಮೇಲೆ ಅದನ್ನು ಎಲ್ಲಿಡುತ್ತಾರೆ? ಅವನ ಸ್ವಂತ ಖಾತೆಯ ಸರ್ವರ್‌ನಲ್ಲಾದರೆ ನಿಮ್ಮ ಕಚೇರಿಯ ದಾಖಲೆ ಅವನ ಮನೆಯಲ್ಲಿಟ್ಟಂತೆ. ಅವನು ಕೆಲಸ ಸಿಕ್ಕಿ ಪುಣೆಗೆ ಹೋದರೆ ರಿಪೇರಿ ಯಾರು ಮಾಡುತ್ತಾರೆ? ಸರ್ಕಾರಿ ತಂತ್ರಾಂಶ ಹೊರಗೆ ತೆರೆದುಕೊಳ್ಳುವ ಮೊದಲು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ನ ಪಟ್ಟಿಯಲ್ಲಿರುವ ಸಂಸ್ಥೆಯಿಂದ ಭದ್ರತಾ ಪರಿಶೀಲನೆ ಆಗಬೇಕು, ಅದು ಉಚಿತ ಅಲ್ಲ. ದಾಖಲೆ ಸೋರಿದರೆ ಸರ್ಟ್-ಇನ್‌ನ 2022ರ ನಿರ್ದೇಶನದಂತೆ 6 ಗಂಟೆಯೊಳಗೆ ವರದಿ ಮಾಡಬೇಕು. ಜನರ ವೈಯಕ್ತಿಕ ಮಾಹಿತಿಯ ಬಗ್ಗೆ 2023ರ ಕಾನೂನು ಬೇರೆ ಇದೆ. ಕಡತ ಎಲ್ಲಿದೆ ಎಂದು ತಿಳಿಯಲು ಸರ್ಕಾರದ್ದೇ ಇ-ಆಫೀಸ್ ಇದೆ. ಅದು ನಿಮ್ಮ ಕಚೇರಿಗೆ ಬಂದಿಲ್ಲದಿದ್ದರೆ ಈ ಬೇಡಿಕೆಯಲ್ಲೇ ಕೇಳಿ, ತರಬೇತಿಯ ಖರ್ಚನ್ನೂ ಸೇರಿಸಿ.

ಒಂದು ದಾಸ್ತಾನು ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಮಾಡಿಡಿ: ವಸ್ತು, ಕ್ರಮಸಂಖ್ಯೆ, ಕೊಂಡ ದಿನ, ವಾರಂಟಿ ಮುಗಿಯುವ ದಿನ, ಯಾರ ಮೇಜು, ಈಗಿನ ಸ್ಥಿತಿ. ಡಿಸೆಂಬರ್‌ನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ಶುರುವಾದರೆ ಉತ್ತರ ಕರ್ನಾಟಕದ ಕಚೇರಿಗಳಿಗೆ ಚುಕ್ಕೆ ಗುರುತಿನದೂ ಗುರುತಿಲ್ಲದ್ದೂ ಪ್ರಶ್ನೆಗಳ ಸುರಿಮಳೆ. 'ಮೂರು ವರ್ಷದಲ್ಲಿ ಎಷ್ಟು ಕಂಪ್ಯೂಟರ್, ಎಷ್ಟು ಬಳಕೆಯಲ್ಲಿವೆ, ಒಂದು ಗಂಟೆಯಲ್ಲಿ ಕಳಿಸಿ' ಅಂತ ಫೋನ್ ಬಂದಾಗ ತಾಲ್ಲೂಕುಗಳಿಗೆ ಫೋನ್ ಮಾಡುತ್ತಾ ಕೂರುವುದು ತಪ್ಪುತ್ತದೆ. ಮಾಹಿತಿ ಹಕ್ಕಿನ ಅರ್ಜಿಗೂ ಅದೇ ಪಟ್ಟಿ ಸಾಕು. ಬಿಚ್ಚದ ಆ ಎರಡು ಪ್ರಿಂಟರ್‌ಗಳನ್ನು ಈ ಪಟ್ಟಿ ಮಾಡುವಾಗಲೇ ತೆರೆಸಿ, ಪರೀಕ್ಷಿಸಿ, ಬೇಕೆಂದವರಿಗೆ ಕೊಟ್ಟುಬಿಡಿ. ಹೊಸ ಬೇಡಿಕೆಯಲ್ಲಿ ಅಷ್ಟು ಕಡಿಮೆ ಮಾಡಿ.

ಉಳಿದದ್ದು ವಿಲೇವಾರಿ. ಅನುಪಯುಕ್ತ ಎಂದು ಸಮಿತಿ ಮಾಡಿ, ಮಂಜೂರಾತಿ ಪಡೆದ ಮೇಲೆ ಮಾತ್ರ ಹೊರಹಾಕಿ. ಊರಿನ ಗುಜರಿ ಅಂಗಡಿಗೆ ಕೊಡಬೇಡಿ, ಇ-ತ್ಯಾಜ್ಯಕ್ಕೆ 2022ರ ನಿಯಮಗಳಿವೆ, ನೋಂದಾಯಿತ ಮರುಬಳಕೆದಾರರಿಗೇ ಹೋಗಲಿ. ಬ್ಯಾಟರಿಗಳಿಗೂ ಬೇರೆ ನಿಯಮ ಇದೆ, ಹೊಸ ಬ್ಯಾಟರಿ ಕೊಳ್ಳುವಾಗ ಹಳೆಯದನ್ನು ಅಂಗಡಿಯವರೇ ವಾಪಸ್ ತಗೊಳ್ಳುವ ಹಾಗೆ ಆದೇಶದಲ್ಲಿ ಬರೆಯಿರಿ. ಕಂಪ್ಯೂಟರ್ ಕೊಡುವ ಮುನ್ನ ಹಾರ್ಡ್ ಡಿಸ್ಕ್ ಬಿಚ್ಚಿಸಿ. ಫೈಲ್ ಡಿಲೀಟ್ ಮಾಡಿದರೆ ಸಾಲದು, ಅದರಿಂದ ಮಾಹಿತಿ ಮತ್ತೆ ತೆಗೆಯಬಹುದು. ನಿಮ್ಮೆದುರೇ ಡಿಸ್ಕ್‌ಗೆ ಡ್ರಿಲ್‌ನಿಂದ ತೂತು ಹಾಕಿಸಿ, ಕ್ರಮಸಂಖ್ಯೆ ಬರೆದು, ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ಮಹಜರು ಮಾಡಿ ಕಡತದಲ್ಲಿಡಿ.